ಏನೂ ಕೊಡದ ಸಾಲು

ಗೌರವಾನ್ವಿತ ಮೇಡಂ,

ನಮ್ಮ ಹಿತ್ತಲಿನ ಎಲೆಕೋಸಿನ ಪ್ರಯೋಗದ ವರದಿ ತಡವಾಯಿತು, ಬಯ್ಯಬೇಡಿ. ಹುಲ್ಲು ಹೊದಿಸಿದ ಸಾಲು, ಪ್ಲಾಸ್ಟಿಕ್ ಹಾಸಿದ ಸಾಲು, ಬೆಳವಣಿಗೆಯ ಔಷಧಿ ಹೊಡೆದ ಸಾಲು ಎಲ್ಲ ಸರಿಯಾಗಿವೆ. ಹೋಲಿಕೆಗೆಂದು ಏನೂ ಕೊಡದೆ ಬಿಟ್ಟ ಸಾಲು ಮಾತ್ರ ಕೆಟ್ಟಿತು. ಅಂದರೆ, ಚೆನ್ನಾಗಿ ಬೆಳೆದುಬಿಟ್ಟಿತು.

ಅಪ್ಪನಿಗೆ ಮರೆವಿನ ಕಾಯಿಲೆ. ದಿನಾ ಹೋಗಿ ಆ ಸಾಲಿಗೂ ಹುಲ್ಲು ಹೊದಿಸುತ್ತಾರೆ. ಬೇಲಿ ಹಾಕಿದೆ, ದಾಟಿದರು. ಗದರಿದೆ, ಅತ್ತರು. ಕೋಣೆಯಲ್ಲಿ ಕೂಡಿಹಾಕಲು ಮನಸ್ಸು ಬರಲಿಲ್ಲ.

ಆ ಸಾಲನ್ನು ಕೈಬಿಡಬಹುದೇ, ಇಲ್ಲ ಮೊದಲಿಂದ ನೆಡಬೇಕೇ? ಮತ್ತೆ ನೆಟ್ಟರೂ ಅವರು ಬಿಡುವವರಲ್ಲ. ನಿನ್ನೆ ನಾನು ಹುಲ್ಲು ತೆಗೆಯುವಾಗ ಕೈ ಹಿಡಿದುಕೊಂಡು ಕೇಳಿದರು: "ಬಿಸಿಲಿಗೆ ಒಣಗ್ತಾವೆ, ಕರುಣೆ ಬೇಡ್ವಾ? ಯಾರ ಮಗಳಮ್ಮಾ ನೀನು?"

ಉತ್ತರಕ್ಕೆ ಕಾಯುತ್ತಿರುವ,
ನಿಮ್ಮ ವಿದ್ಯಾರ್ಥಿನಿ