ನೆಂಟರಿಗೆ ಮಾತ್ರ ಉರಿಯುತ್ತಿದ್ದ ಗ್ಯಾಸ್

12 ನವೆಂಬರ್, ಮಂಗಳವಾರ

ಅಮ್ಮ ಬರುತ್ತಾಳೆ, ನಿಜವಾಗಿಯೂ ನಮ್ಮ ಮನೆಗೆ ಬರುತ್ತಾಳೆ! ಮದುವೆಯಾದಾಗಿನಿಂದ ಕರೆಯುತ್ತಲೇ ಇದ್ದೆ. ಆದರೆ ಆಸ್ತಮಾ ಇರುವವಳು ಹಿರೇಗುಂಟನೂರಿನ ಈ ಸೌದೆ ಹೊಗೆಯಲ್ಲಿ ಹೇಗೆ ಇರಬೇಕು?

ಎಲ್ಲ, ಮನೆಮನೆಯ ಒಲೆ ನೋಡಿ ಸಲಹೆ ಕೊಡುವ ಇಂಧನ ಸಲಹಾ ಸಮಿತಿಯವರ ಪುಣ್ಯ. ಅವರು ಮನೆ ನೋಡಲು ಬಂದ ದಿನ ಅತ್ತೆ ಸಂಭ್ರಮದಿಂದ ಗ್ಯಾಸ್ ಹಚ್ಚಿ ಟೀ ಕಾಸಿದರು. "ಗ್ಯಾಸ್ ಐತಲ್ಲ, ಇಲ್ಲೇನು ತೊಂದ್ರೆ ಇಲ್ಲ ಬಿಡ್ರಿ" ಎಂದು ಸಮಿತಿಯ ಸರ್ವಮಂಗಳಮ್ಮ ಎದ್ದೇಬಿಟ್ಟರು.

ನಾನು ತಡೆಯಲಾರದೆ, "ಮೇಡಂ, ಅದು ನೆಂಟರಿಗೆ ಮಾತ್ರ! ನಮ್ಮ ಅಡುಗೆ ಸೌದೆ ಒಲೆಯಲ್ಲೇ" ಎಂದುಬಿಟ್ಟೆ.

ಅತ್ತೆ ನನ್ನನ್ನು ಗುರಾಯಿಸಿದರು. ಸರ್ವಮಂಗಳಮ್ಮ ಮತ್ತೆ ಕುಳಿತಾಗ ಅತ್ತೆಯೇ ಮೆಲ್ಲಗೆ ಬಾಯಿಬಿಟ್ಟರು: "ದೊಡ್ಡ ಸಿಲಿಂಡರಿಗೆ ಒಂದೇ ಸಲ ದುಡ್ಡು ಎಲ್ಲಿಂದ ತರಾಣ? ದುರ್ಗದಿಂದ ಹೊತ್ಕಂಡು ಬರೋರು ಯಾರು?"

"ಬರೀ ಸಲಹೆ ಕೊಟ್ರೆ ಒಲೆ ಉರಿತೈತೇನೇ?" ಎಂದು ನನ್ನ ಗಂಡಮಹಾಶಯ ಹನುಮೇಶ್ ರೇಗಿಸಿದ್ದ. ಉರಿಯಿತು ಕಣೋ! ಸಮಿತಿ ಹೇಳಿದ ಮೇಲೆ ಏಜೆನ್ಸಿಯವರು ಸಣ್ಣ ಸಿಲಿಂಡರ್‌ಗಳನ್ನು ಊರಿಗೇ ತರುತ್ತಿದ್ದಾರೆ. ಇವತ್ತು ಯಾವ ನೆಂಟರೂ ಇಲ್ಲದೆ, ಬರೀ ನಮಗಾಗಿ, ಅತ್ತೆ ಗ್ಯಾಸ್ ಮೇಲೆ ಮುದ್ದೆ ಮಾಡಿದರು. ಆಮೇಲೆ ನನ್ನ ಫೋನ್ ಕಿತ್ತುಕೊಂಡು ಅಮ್ಮನಿಗೆ, "ಬರ್ರಿ ಬೀಗಿತ್ತಿ, ಈಗ ಹೊಗೆ ಇಲ್ಲ" ಎಂದರು.

ಥ್ಯಾಂಕ್ಯೂ ಅತ್ತೆ, ಥ್ಯಾಂಕ್ಯೂ ಸರ್ವಮಂಗಳಮ್ಮ. ನಿದ್ದೆಯೇ ಬರುತ್ತಿಲ್ಲ. ಅಮ್ಮ ಬರುವುದು ಭಾನುವಾರ, ಚಿಕ್ಕಜಾಜೂರಿನಿಂದ ಬರುವ ಬೆಳಗಿನ ಪ್ಯಾಸೆಂಜರ್ ರೈಲಿಗೆ.