ನೀನು ಅಂಟಿಸಿದ ಮೂರು

ಮುಂಡರಗಿ,
೨೯ ಅಕ್ಟೋಬರ ೧೯೫೬

ಚಿರಂಜೀವಿ ಗುರುರಾಜನಿಗೆ ಅಕ್ಕನ ಮಾತು.

ನಿನ್ನ ಕೆಮ್ಮು ಹೇಗಿದೆ? ಕೇಳುವ ಮನಸ್ಸು ನನಗಿರಲಿಲ್ಲ. ಅವ್ವ ಇದ್ದಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದಳು, ಅದಕ್ಕೆ ಕೇಳಿದೆ. ನಾನಂತೂ ಆರಾಮಾಗಿಲ್ಲ. ನಿನ್ನೆ ಬೀರಲಿಂಗಪ್ಪ ಗದಗಿನ ಪೇಟೆಯಿಂದ ಒಂದು ಕರಪತ್ರ ತಂದುಕೊಟ್ಟು, "ಅಕ್ಕಾರ, ನಿಮ್ಮ ತಮ್ಮನ ಹೆಸರು ಎಷ್ಟ ದಪ್ಪ ಅಕ್ಷರದಾಗ ಛಾಪಿಸ್ಯಾರ ನೋಡ್ರಿ" ಎಂದ. ನೋಡಿದೆ. ನವೆಂಬರ ಒಂದಕ್ಕೆ ನಾಡು ಒಂದಾಗುವ ಸಂಭ್ರಮದಲ್ಲಿ ಗದಗಿನಲ್ಲಿ ನಿನ್ನ ಭಾಷಣವಂತೆ: 'ಅಖಂಡ ನಾಡಿಗೆ ಅಖಂಡ ಸಂಖ್ಯೆ, ಯಾವುದರಿಂದಲೂ ಭಾಗವಾಗದ ೭೩೯೩೯೧೩೩೩. ಕಂಡುಹಿಡಿದವರು ಪ್ರೊಫೆಸರ ಗುರುರಾಜ.' ನಾಚಿಕೆಯಾಗಲಿಲ್ಲವೇನೋ ನಿನಗೆ? ಉಂಡ ಮನೆಯ ಜಂತಿ ಎಣಿಸುವವರ ಬಗ್ಗೆ ಕೇಳಿದ್ದೆ, ನಮ್ಮ ಮನೆಯಲ್ಲೇ ಒಬ್ಬ ಹುಟ್ಟಿದ್ದಾನೆಂದು ತಿಳಿದಿರಲಿಲ್ಲ.

ಕಡೆಯ ಅಂಕಿ ಮೂರನ್ನು ತೆಗೆದರೆ ಉಳಿಯುವ ೭೩೯೩೯೧೩೩ ನನ್ನದು. ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಅದು ಭಾಗವಾಗುವುದಿಲ್ಲ. ಬಲಗಡೆಯ ಅಂಕಿ ಒರೆಸು, ಉಳಿದದ್ದೂ ಭಾಗವಾಗುವುದಿಲ್ಲ. ಇನ್ನೊಂದು ಒರೆಸು, ಆಗಲೂ ಇಲ್ಲ. ಬರೀ ಏಳು ಉಳಿಯುವ ತನಕ ಹೀಗೆಯೇ. ಇದನ್ನು ಖಾತ್ರಿ ಮಾಡಿಕೊಳ್ಳಲು ಏಕೀಕರಣದ ಹಳೆಯ ಕರಪತ್ರಗಳ ಹಿಂಬದಿಯಲ್ಲಿ ಎರಡು ವರ್ಷ ಭಾಗಾಕಾರ ಮಾಡಿದೆ, ಸಾವಿರಕ್ಕೂ ಹೆಚ್ಚು. ಎಷ್ಟು ಸಲ ಸಾರು ಉಕ್ಕಿ ಒಲೆ ಆರಿತೋ ಲೆಕ್ಕವಿಲ್ಲ. ಎಲ್ಲವನ್ನೂ ನೋಟಬುಕ್ಕಿಗೆ ಇಳಿಸಿದ್ದೆ. ಯುಗಾದಿಗೆ ಬಂದವನು ಅದನ್ನು ಚೀಲಕ್ಕೆ ಹಾಕಿಕೊಂಡು ಏನೆಂದೆ? "ಅಕ್ಕಾ, ಹೆಣ್ಮಕ್ಕಳ ಲೆಕ್ಕ ಯಾರ ನೋಡ್ತಾರ? ನನ್ನ ಕಡೆ ಇರ್ಲಿ, ಜೋಪಾನ ಇಡ್ತೀನಿ." ಏನು ಜೋಪಾನವಪ್ಪಾ ನಿನ್ನದು!

ಮನೆ ನಿನ್ನ ಹೆಸರಿಗಿದೆ, ಹಮ್ಮಿಗಿಯ ಹೊಲ ನಿನ್ನ ಹೆಸರಿಗಿದೆ. ನಾನು ಒಂದು ಮಾತೂ ಆಡಲಿಲ್ಲ. ಗಂಡ ಸತ್ತು ತವರಿಗೆ ಬಂದವಳಿಗೆ ನನ್ನದು ಎನ್ನುವುದಕ್ಕೆ ಈ ಸಂಖ್ಯೆಯೊಂದೇ ಇತ್ತು. ನಿನಗೆ ಮಗ್ಗಿ ಕಲಿಸಿದವಳು ನಾನು. ಹದಿನೇಳರ ಮಗ್ಗಿಯಲ್ಲಿ ನೀನು ಈಗಲೂ ಎಡವುತ್ತೀ. ಅಂಥವನು ನನ್ನ ಹೆಸರು ಅಳಿಸಿ, ಅಕ್ಕನದಕ್ಕಿಂತ ದೊಡ್ಡದೆನಿಸಲೆಂದು ತುದಿಗೊಂದು ಮೂರು ಅಂಟಿಸಿದ್ದೀ. ಹೊಟ್ಟೆ ಉರಿಯುತ್ತಿದೆ ಗುರ್ಯಾ, ಮುಚ್ಚಿಡುವುದಿಲ್ಲ.

ವಿಮಲಾಳಿಗೂ ಕೂಸಿಗೂ ಆಶೀರ್ವಾದ. ನಿನ್ನ ಪಾಲಿನ ಆಶೀರ್ವಾದವನ್ನು ಸದ್ಯಕ್ಕೆ ನಾನೇ ಇಟ್ಟುಕೊಂಡಿದ್ದೇನೆ.

ನಿನ್ನ ಅಕ್ಕ,
ಜಾನಕಿ

ತಾ.ಕ.: ಗದಗಿನ ಬಸ್ಸು ಹೊರಟು ನಿಂತಿದೆ, ಡ್ರೈವರ ಕುತುಬುದ್ದೀನನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ನೋಟಬುಕ್ಕಿನ ಕಡೆಯ ಪುಟವನ್ನು ನೀನು ತಿರುವಿಯೇ ಇಲ್ಲ. ಮೂರು ಹಚ್ಚಿದರೆ ೧೨೭ರಿಂದ ಭಾಗವಾಗುತ್ತದೆ. ೫೮೨೧೯೭೯ ಬರುತ್ತದೆ, ಶೇಷ ಸೊನ್ನೆ. ಬೇರೆ ಯಾವ ಅಂಕಿ ಹಚ್ಚಿದರೂ ಒಡೆಯುತ್ತದೆ, ಅದಕ್ಕೇ ನಾನು ಎಂಟಕ್ಕೆ ನಿಲ್ಲಿಸಿದ್ದು. ವೇದಿಕೆಯ ಮೇಲೆ ಆ ಮೂರನ್ನು ನೀನೇ ಒರೆಸಿ ನನ್ನ ಹೆಸರು ಹೇಳು. ಇಲ್ಲದಿದ್ದರೆ ಹೆಣ್ಣುಮಕ್ಕಳ ಸಾಲಿನಿಂದ ಎದ್ದು ಬಂದು, ಊರೆಲ್ಲ ನೋಡುವಂತೆ ನಾನೇ ಭಾಗಿಸಿ ತೋರಿಸುತ್ತೇನೆ. ಒಂದನೆಯ ತಾರೀಖಿನ ಮುಂಜಾನೆಯ ಬಸ್ಸಿನಲ್ಲಿ ಕುತುಬುದ್ದೀನ ನನಗೆ ಸೀಟು ಹಿಡಿದಿಟ್ಟಿರುತ್ತಾನೆ.