ಎರಡು ಮಾರ್ಕಿನ ಸಿನಿಮಾ

ಜೂನ್ ೧೦, ಸೋಮವಾರ

ನಾಲಿಗೆಗೆ ಲಗಾಮಿಲ್ಲದಿದ್ದರೆ ಹೀಗೇ ಆಗುವುದು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತ, ಭಾನುವಾರ ನೋಡಿದ ಸಿನಿಮಾಕ್ಕೆ ಹತ್ತಕ್ಕೆ ಇಷ್ಟು ಎಂದು ಮಾರ್ಕು ಕೊಡುವುದು ನಮ್ಮ ರೂಢಿ. ಆ ಹೊಸ ಹಾಸ್ಯಚಿತ್ರಕ್ಕೆ ನಾನು ಎರಡೇ ಎರಡು ಕೊಟ್ಟೆ. ಇಂಟರ್‌ವಲ್ ಆದಮೇಲಂತೂ ಶುದ್ಧ ಬೋರು, ಕ್ಲೈಮ್ಯಾಕ್ಸ್ ಕೇಳಲೇಬೇಡಿ ಎಂದು ಭಾಷಣ ಬಿಗಿದೆ. ಇಂಟರ್‌ವಲ್ ಆದಮೇಲೆ ನಾನು ನಿದ್ದೆ ಹೋಗಿದ್ದು ಯಾರಿಗೆ ಗೊತ್ತು?

ಬಟ್ಟೆ ಮಡಿಸುವ ಅಕ್ಕ ಮಾತ್ರ ಮಾರ್ಕು ಕೊಡದೆ, ತಲೆ ತಗ್ಗಿಸಿ ಮಡಿಸುತ್ತಲೇ ಇದ್ದಳು. ಗಂಡನಿಗೆ ಆಪರೇಷನ್ ಆದಾಗಿನಿಂದ ಅವಳು ಹಾಗೇ. ಸಂಜೆ ಚಪ್ಪಲಿ ಹಾಕಿಕೊಳ್ಳುವಾಗ ಹತ್ತಿರ ಬಂದು, “ನಿನ್ ಹಿಂದಿನ ಸಾಲಲ್ಲೇ ನಾವೂ ಕೂತಿದ್ವಿ ಕಣೆ,” ಎಂದಳು.

ಮುಖ ಎಲ್ಲಿಡಲಿ? “ಎಬ್ಬಿಸ್ಬಾರ್ದಿತ್ತಾ ಅಕ್ಕ?”

“ಎಬ್ಬಿಸೋಕೇ ಹೋದೆ. ನಮ್ಮನೆಯವ್ರು ಬಿಡ್ಲಿಲ್ಲ. ನಿನ್ ಗೊರಕೆ ಕೇಳಿ, ಹೊಲಿಗೆ ನೋಯುತ್ತೆ ಅಂತ ಹೊಟ್ಟೆ ಹಿಡ್ಕೊಂಡು ನಗ್ತಾ ಇದ್ರು. ಅವ್ರು ನಕ್ಕು ಎರಡು ತಿಂಗಳಾಗಿತ್ತು ಕಣೆ.”

ಹಾಗಾದರೆ ಕ್ಲೈಮ್ಯಾಕ್ಸ್ ಏನಾಯಿತು ಎಂದು ಕೇಳಿದೆ.

“ಯಾರಿಗ್ಗೊತ್ತು? ನಾವು ನಿನ್ನನ್ನೇ ನೋಡ್ತಿದ್ವಲ್ಲ!”

ನಾಳೆ ಎಲ್ಲರೆದುರು ನಿಜ ಹೇಳಿ, ಆ ಎರಡು ಮಾರ್ಕು ವಾಪಸ್ ತೆಗೆದುಕೊಳ್ಳಬೇಕು. ಕಣ್ಣು ಎಳೆಯುತ್ತಿದೆ. ಗೊರಕೆಗೆ ಮಾತ್ರ ಹತ್ತಕ್ಕೆ…